ಅಂಗೈಯಗಲದ ನಾಯಿ ಮತ್ತು ನಮ್ಮ ಅಹಿಂಸಾಣುವ್ರತ

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಂತಹ ನಗರಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಅನುಕೂಲಸ್ಥ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಅತಿ ಚಿಕ್ಕ ತಳಿಯ ನಾಯಿಗಳು ಕಾಣಿಸಿಕೊಳ್ಳುತ್ತಿವೆ. ಮೆಕ್ಸಿಕೋ ಮೂಲದ ಚಿವಾವಾ, ಇಂಗ್ಲೆಂಡಿನ ಯಾರ್ಕ್‌ಶೈರ್ ಟೆರಿಯರ್ ಮೊದಲಾದ ಇವು ಪೂರ್ಣ ಬೆಳೆದರೂ ಸುಮಾರು ಮೂರು ಕಿಲೋ ತೂಗುವಂಥವು. ಅದಕ್ಕಿಂತಲೂ ಚಿಕ್ಕದು ಬೇಕೆನ್ನುವವರಿಗಾಗಿ ‘ಟೀಕಪ್’ ಎಂಬ ಹೆಸರಿನ ಮರಿಗಳೂ ಮಾರಾಟಕ್ಕಿವೆ. ಟೀಕಪ್ ಎಂಬುದು ಯಾವ ತಳಿಯ ಹೆಸರೂ ಅಲ್ಲ. ಅದು ಮಾರುವವನು ಕಟ್ಟಿದ ಹೆಸರು. ಮಗುವಿನ ಹುಟ್ಟುಹಬ್ಬಕ್ಕೋ ವಿವಾಹದ ವಾರ್ಷಿಕೋತ್ಸವಕ್ಕೋ ಉಡುಗೊರೆಯಾಗಿ ಇಂತಹ ಮರಿ ಮನೆಗೆ ಬರುತ್ತದೆ. ಅಹಿಂಸೆಯೇ ನಮ್ಮ ಕುಲಧರ್ಮವೆಂದು ಹೇಳಿಕೊಳ್ಳುವ ನಾವು ಈ ಪಂಚೇಂದ್ರಿಯ ಜೀವವನ್ನು ಹೇಗೆ ತರುತ್ತಿದ್ದೇವೆ, ತಂದ ಮೇಲೆ ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದನ್ನು ನಿಷ್ಠುರವಾಗಿ ಕೇಳಿಕೊಳ್ಳುವ ಕಾಲ ಬಂದಿದೆ. ಅದನ್ನು ಕೊಳ್ಳುವುದರಲ್ಲಿಯೇ ಒಂದು ಹಿಂಸೆಯಿದೆ. ಕೊಂಡ ಮೇಲೆ ವ್ರತದ ನೆಪದಲ್ಲಿ ಅದರ ಅನ್ನವನ್ನೂ ಔಷಧವನ್ನೂ ತಡೆಯುವುದರಲ್ಲಿ ಅದಕ್ಕಿಂತ ದೊಡ್ಡ ಹಿಂಸೆಯಿದೆ. ಈ ಲೇಖನದ ವಾದ ಇಷ್ಟೇ.

ಮೊದಲು ಕೊಳ್ಳುವಿಕೆಯ ವಿಚಾರ. ವ್ಯಾಪಾರವನ್ನೇ ವೃತ್ತಿಯಾಗಿ ಮಾಡಿದವರಿಗೆ ಬೇಡಿಕೆಯಿಂದಲೇ ಪೂರೈಕೆ ಹುಟ್ಟುತ್ತದೆಂಬ ಸಂಗತಿಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಂದು ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಅತಿ ಚಿಕ್ಕದೂ ದುರ್ಬಲವೂ ಆದವನ್ನೇ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಅಂಥವನ್ನೇ ಕೂಡಿಸಿ ಈ ಪುಟ್ಟ ದೇಹವನ್ನು ತಯಾರಿಸಲಾಗುತ್ತದೆ. ಮರಿಯ ತಲೆ ದೊಡ್ಡದು, ತಾಯಿಯ ಕಟಿ ಕಿರಿದು. ಆದ್ದರಿಂದ ಅನೇಕ ತಾಯಿನಾಯಿಗಳಿಗೆ ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸಬೇಕಾಗುತ್ತದೆ. ಚಿಕ್ಕದಾಗಿಯೇ ಕಾಣಲೆಂದು ಅರೆಹೊಟ್ಟೆಯಲ್ಲಿ ಇಡುವವರೂ, ತಾಯಿಯ ಹಾಲು ಬಿಡುವ ಮೊದಲೇ ಮಾರುವವರೂ ಉಂಟು. ಭಾರತ ಸರ್ಕಾರ 2017ರಲ್ಲಿ ಹೊರಡಿಸಿದ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳಂತೆ ಸಾಕಣೆದಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನೋಂದಣಿ ಪತ್ರವನ್ನು ಕೇಳಿ ನೋಡಿ ಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವ ನಾವು ಜೀವ ಕೊಳ್ಳುವಾಗ ಬಣ್ಣವನ್ನು ಮಾತ್ರ ನೋಡುತ್ತೇವೆ.

ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಕೇಶವಾಣಿಜ್ಯವೂ ಒಂದು. ದ್ವಿಪದ ಚತುಷ್ಪದ ಜೀವಿಗಳ ಮಾರಾಟವೆಂದು ಅದರ ಅರ್ಥ. ಲಾಭಕ್ಕಾಗಿ ನಾಯಿ, ಬೆಕ್ಕು, ಗಿಳಿಗಳನ್ನು ಸಾಕುವುದನ್ನು ಹೇಮಚಂದ್ರಾಚಾರ್ಯರು 12ನೆಯ ಶತಮಾನದ ತಮ್ಮ ಯೋಗಶಾಸ್ತ್ರದಲ್ಲಿ ಅಸತೀಪೋಷಣವೆಂಬ ಹೆಸರಿನಲ್ಲಿ ನಿಷೇಧಿಸಿದ್ದಾರೆ. ‘ನಾನು ಮಾರಲಿಲ್ಲ, ಕೊಂಡೆ ಅಷ್ಟೆ’ ಎಂಬ ಸಮಾಧಾನಕ್ಕೆ ನಮ್ಮ ಸಿದ್ಧಾಂತದಲ್ಲಿ ಸ್ಥಳವಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸಿದವರು ನಮ್ಮ ಆಚಾರ್ಯರು. ಹಣ ಕೊಟ್ಟು ತರಿಸಿದವನು ಕಾರಿತಕ್ಕೆ ಸೇರುತ್ತಾನೆ. ನೋಡಿ ಮೆಚ್ಚಿ ‘ಎಲ್ಲಿ ಸಿಗುತ್ತದೆ’ ಎಂದು ವಿಚಾರಿಸುವ ಬಂಧುವು ಅನುಮೋದಿತಕ್ಕೆ ಸೇರುತ್ತಾನೆ.

ಆದರೆ ಮರಿ ಈಗಾಗಲೇ ಮನೆಯಲ್ಲಿದ್ದರೆ? ಆಗ ಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆ ಹಿಂದಕ್ಕೆ ಸರಿದು, ಅದರ ದೇಹಸ್ಥಿತಿಯನ್ನು ಅರಿಯುವುದೇ ಗೃಹಸ್ಥನ ಮೊದಲ ಕರ್ತವ್ಯವಾಗುತ್ತದೆ. ಈ ದೇಹವು ಸಾಮಾನ್ಯ ನಾಯಿಯ ದೇಹದ ಕಿರಿಯ ಪ್ರತಿಯಲ್ಲ. ಇದರ ಯಕೃತ್ತಿನಲ್ಲಿ ಗ್ಲೈಕೋಜನ್ನಿನ ಶೇಖರಣೆ ಅತ್ಯಲ್ಪ; ಮಾಂಸಖಂಡ, ಕೊಬ್ಬುಗಳೂ ಅಲ್ಪ. ಆದ್ದರಿಂದ ಕೆಲವು ಗಂಟೆ ಆಹಾರ ತಪ್ಪಿದರೂ ಮರಿಯ ರಕ್ತದ ಸಕ್ಕರೆ ಇಳಿಯಬಹುದು. ಮೊದಲು ಮಂಕಾಗುತ್ತದೆ, ಬಳಿಕ ನಡುಗುತ್ತದೆ, ತೂರಾಡುತ್ತದೆ, ಕೊನೆಗೆ ಸೆಳವು ಬಂದು ಪ್ರಜ್ಞೆ ತಪ್ಪುತ್ತದೆ. ಶ್ವಾಸನಾಳದ ಮೃದ್ವಸ್ಥಿ ಸಡಿಲಾಗಿ ನಾಳ ಕುಸಿಯುವುದು ಈ ತಳಿಗಳಲ್ಲಿ ಸಾಮಾನ್ಯ. ಆಗ ಬಾತುಕೋಳಿ ಕೂಗಿದಂತೆ ಒಣ ಕೆಮ್ಮು ಬರುತ್ತದೆ. ಅಂತಹ ನಾಯಿಗೆ ಕೊರಳಪಟ್ಟಿ ಬಿಗಿಯದೆ ಎದೆಯನ್ನು ಬಳಸಿ ಕಟ್ಟುವ ಪಟ್ಟಿ ಹಾಕಬೇಕು. ಧೂಪ, ಊದುಬತ್ತಿಗಳ ಹೊಗೆಯಿಂದ ದೂರವಿಡಬೇಕು. ಮಂಡಿಯ ಚಿಪ್ಪು ಜಾರುವುದರಿಂದ ಸೋಫಾದಿಂದ ಧುಮುಕಲು ಬಿಡಬಾರದು. ಚಿವಾವಾಗಳಲ್ಲಿ ಅನೇಕಕ್ಕೆ ನೆತ್ತಿಯ ಮೂಳೆ ಕೂಡಿಕೊಳ್ಳದೆ ಮೃದುವಾಗಿಯೇ ಉಳಿಯುತ್ತದೆ. ಮಗುವಿನ ಕೈಯಿಂದ ಜಾರಿ ಬಿದ್ದರೆ ಅದೇ ಅಂತ್ಯವಾಗಬಹುದು. ಪುಟ್ಟ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ಬೆಳೆದು ವಸಡು ಬೇಗನೆ ಕೊಳೆಯುತ್ತದೆ. ಇವೆಲ್ಲವೂ ದಿನದಿನವೂ ಗಮನಿಸಬೇಕಾದ ಸಂಗತಿಗಳು.

ಇಲ್ಲಿಯೇ ನಮ್ಮ ಮನೆಗಳ ವಿವಾದ ಆರಂಭವಾಗುತ್ತದೆ. ಮರಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ, ಕೊನೆಯ ತುತ್ತನ್ನು ಮಲಗುವ ಮೊದಲು ಕೊಡಿ ಎಂದು ಪಶುವೈದ್ಯರು ಹೇಳುತ್ತಾರೆ. ‘ನಮ್ಮದು ರಾತ್ರಿಭೋಜನ ತ್ಯಾಗದ ಮನೆ, ಸೂರ್ಯಾಸ್ತವಾದ ಮೇಲೆ ನಾಯಿಗೂ ಇಲ್ಲ’ ಎಂದು ಹಿರಿಯರು ಹೇಳುತ್ತಾರೆ. ಸೊಸೆ ಕದ್ದು ತಿನ್ನಿಸಬೇಕು, ಇಲ್ಲವೇ ಮರಿ ಹನ್ನೆರಡು ಗಂಟೆ ಹಸಿದಿರಬೇಕು. ಹಿರಿಯರ ಸಂಕಲ್ಪಕ್ಕೆ ನಮಸ್ಕರಿಸಿಯೇ ಕೇಳುತ್ತೇನೆ: ಹಸುಗೂಸಿಗೆ ಅರ್ಧರಾತ್ರಿಯಲ್ಲಿ ಹಾಲೂಡಿಸುವ ತಾಯಿಯನ್ನು ಯಾವ ವ್ರತಿಕನು ತಡೆದಿದ್ದಾನೆ? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೆಸರಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಮ್ಮ ಆಶ್ರಯದಲ್ಲಿರುವ ಜೀವದ ಅನ್ನಪಾನಗಳನ್ನು ಹೊತ್ತಿಗೆ ಸರಿಯಾಗಿ ಕೊಡದೆ ತಡೆಯುವುದೇ ಐದನೆಯದು. ರಾತ್ರಿಭೋಜನ ತ್ಯಾಗವು ಅಹಿಂಸೆಯ ರಕ್ಷಣೆಗಾಗಿ ಹುಟ್ಟಿದ ನಿಯಮ. ಅದನ್ನೇ ಹಿಡಿದು ಅಹಿಂಸಾವ್ರತಕ್ಕೆ ಅತಿಚಾರ ತಂದುಕೊಳ್ಳುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹಗಲಿನಲ್ಲಿಯೇ ಅಣಿಮಾಡಿ ಮುಚ್ಚಿಟ್ಟ ಆಹಾರವನ್ನು, ಕೀಟ ಬೀಳದಂತೆ ಯತ್ನಾಚಾರದಿಂದ ಕೊಟ್ಟರೆ ವ್ರತವೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ. ಆರನೆಯ ಪ್ರತಿಮೆಯನ್ನು ಧರಿಸಿ, ಪರರಿಗೆ ಉಣಿಸುವುದನ್ನೂ ರಾತ್ರಿಯಲ್ಲಿ ಬಿಟ್ಟಿರುವವರು ಮನೆಯಲ್ಲಿದ್ದರೆ ಆ ಕೆಲಸವನ್ನು ಬೇರೊಬ್ಬರು ವಹಿಸಿಕೊಳ್ಳಲಿ. ವಹಿಸಿಕೊಳ್ಳುವವರು ಯಾರೂ ಇಲ್ಲದ ಮನೆಗೆ ಇಂತಹ ಮರಿಯನ್ನು ತರಲೇಬಾರದು.

ಇದಕ್ಕಿಂತ ಮುಂದೆ ಹೋಗಿ, ದಶಲಕ್ಷಣ ಪರ್ವದಲ್ಲಿ ‘ನಮ್ಮ ನಾಯಿಯೂ ಉಪವಾಸ ಮಾಡಿತು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ತಿರ್ಯಂಚರೂ ವ್ರತ ಹಿಡಿಯಬಲ್ಲರು, ಮಹಾವೀರ ಸ್ವಾಮಿಯ ಜೀವವು ಹಿಂದಿನ ಭವದಲ್ಲಿ ಸಿಂಹವಾಗಿದ್ದಾಗ ಆಹಾರವನ್ನು ತ್ಯಜಿಸಲಿಲ್ಲವೇ ಎಂದು ಅವರು ಆಧಾರವನ್ನೂ ಕೊಡುತ್ತಾರೆ. ನಿಜ. ಆದರೆ ಆ ಸಿಂಹವು ಚಾರಣಮುನಿಗಳ ಉಪದೇಶವನ್ನು ಕೇಳಿ, ತನ್ನ ಪೂರ್ವಭವವನ್ನು ಸ್ಮರಿಸಿ, ತಾನಾಗಿ ಬಿಟ್ಟಿತು. ಅದರ ಮುಂದಿನ ಆಹಾರವನ್ನು ಯಾರೂ ಎತ್ತಿಟ್ಟಿರಲಿಲ್ಲ. ತಟ್ಟೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದವನು ತನ್ನ ನಾಯಿಗೆ ವ್ರತವನ್ನು ಕೊಟ್ಟಂತಾಗಲಿಲ್ಲ. ವ್ರತಕ್ಕೆ ಸಂಕಲ್ಪ ಬೇಕು. ಸಂಕಲ್ಪವಿಲ್ಲದ ಉಪವಾಸಕ್ಕೆ ಹಸಿವು ಎಂದು ಹೆಸರು.

ಆಹಾರ ಯಾವುದಿರಬೇಕೆಂಬ ಪ್ರಶ್ನೆಯನ್ನೂ ಮರೆಮಾಚದೆ ಎದುರಿಸಬೇಕು. ಬೆಕ್ಕಿನಂತೆ ನಾಯಿಯು ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನುಗಳ ಪ್ರತಿಗಳು ಹೆಚ್ಚಾಗಿವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಮನುಷ್ಯನ ಜೊತೆ ಬಾಳಿದ ಫಲ ಅದು. ಆದ್ದರಿಂದ ನಾಯಿಗೆ ಸಸ್ಯಾಹಾರ ಸಾಧ್ಯ. ಆದರೆ ಹಾಲನ್ನವೊಂದೇ ಸಸ್ಯಾಹಾರವಲ್ಲ. ಪ್ರೋಟೀನು, ಸುಣ್ಣದ ಅಂಶ, ಜೀವಸತ್ವಗಳ ಲೆಕ್ಕವನ್ನು ಪಶುವೈದ್ಯರಿಂದಲೇ ಹಾಕಿಸಬೇಕು. ಸಸ್ಯಮೂಲದ ಸಿದ್ಧ ಆಹಾರಗಳೂ ಮಾರುಕಟ್ಟೆಯಲ್ಲಿವೆ. ನಾಯಿಯ ರಕ್ತಕಣಗಳನ್ನು ಕೆಡಿಸುವ ಈರುಳ್ಳಿ, ಬೆಳ್ಳುಳ್ಳಿಗಳು ಹೇಗೂ ನಮ್ಮ ಅಡುಗೆಮನೆಯಲ್ಲಿ ನಿಷಿದ್ಧ. ಆದರೆ ಅಷ್ಟಕ್ಕೇ ನಮ್ಮ ಅಡುಗೆಮನೆ ನಿರಪಾಯವೆಂದು ತಿಳಿಯಬಾರದು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಪ್ರೀತಿಯಿಂದ ಕೊಟ್ಟ ಸಿಹಿತಿಂಡಿಯ ನಾಲ್ಕು ಒಣದ್ರಾಕ್ಷಿಗಳು ಒಂದೂವರೆ ಕಿಲೋದ ದೇಹಕ್ಕೆ ಅಲ್ಪವಲ್ಲ. ಚಾಕೊಲೇಟೂ ಹಾಗೆಯೇ. ಮನೆಯ ಔಷಧದ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನು ಮುರಿದು ಕೊಡುವ ಅಭ್ಯಾಸವಂತೂ ಪ್ರಾಣಾಪಾಯಕಾರಿ.

ಮರಿ ನಡುಗಿ ಕುಸಿದಾಗ ಒಸಡಿಗೆ ಜೇನು ಸವರಿರೆಂದು ಹಲವರು ಸಲಹೆ ಕೊಡುತ್ತಾರೆ. ಮಧುವನ್ನು ಬಿಟ್ಟ ಮನೆಯಲ್ಲಿ ಅದಕ್ಕಾಗಿ ಗಾಬರಿಯಾಗಬೇಕಿಲ್ಲ. ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿನಲ್ಲಿ ಗಟ್ಟಿಯಾಗಿ ಕದಡಿ ಬೆರಳಿನಿಂದ ಒಸಡಿಗೆ ಸವರಿದರೆ ಅದೇ ಕೆಲಸವಾಗುತ್ತದೆ. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಯನ್ನು ಬೆಚ್ಚಗೆ ಸುತ್ತಿಕೊಂಡು ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು, ಚೇತರಿಸಿಕೊಂಡಂತೆ ಕಂಡರೂ ಒಯ್ಯಬೇಕು.

ಇನ್ನು ಜಂತುನಾಶಕದ ವಿಚಾರ. ಹುಳು, ಉಣ್ಣೆ, ಚಿಗಟಗಳೂ ಜೀವಗಳಲ್ಲವೇ ಎಂದು ಕೇಳುವವರ ಸೂಕ್ಷ್ಮತೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಒಂದು ಕಿಲೋ ತೂಕದ ಮರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ನೂರು ಮಿಲಿಲೀಟರಿಗಿಂತ ಕಡಿಮೆ. ಕೊಕ್ಕೆಹುಳು ಕರುಳಿನಲ್ಲಿ ಸೇರಿದರೆ ಅದು ಎಷ್ಟು ದಿನ ತಾಳೀತು? ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಆರಂಭೀ, ವಿರೋಧೀ ಹಿಂಸೆಗಳನ್ನು ಸಾಧ್ಯವಾದಷ್ಟು ಕುಗ್ಗಿಸಬೇಕು. ಹಾಸಿಗೆಯನ್ನು ಒಗೆದು ಬಿಸಿಲಿಗೆ ಹಾಕುವುದು, ಮೈಯನ್ನು ಪ್ರತಿದಿನ ಬಾಚುವುದು, ಅಂಗಳವನ್ನು ಶುಚಿಯಾಗಿಡುವುದು ಕುಗ್ಗಿಸುವ ಮಾರ್ಗಗಳು. ಅವು ಸಾಲದಾದಾಗ ಔಷಧವನ್ನು ತಡೆಯುವುದು ಅಹಿಂಸೆಯಾಗದು. ಮಗುವಿನ ಹೊಟ್ಟೆಯಲ್ಲಿ ಹುಳುವಾದರೆ ನಾವು ಇಷ್ಟು ಶಾಸ್ತ್ರ ವಿಚಾರಿಸುವುದಿಲ್ಲವಷ್ಟೆ.

‘ನಾಯಿ ಬೆಕ್ಕುಗಳನ್ನು ಸಾಕಲೇಬಾರದೆಂದು ಶಾಸ್ತ್ರವಿದೆ, ಆದ್ದರಿಂದ ಹೊರಗೆ ಬಿಡೋಣ’ ಎನ್ನುವವರು ಮತ್ತೊಂದು ಕೊನೆಯಲ್ಲಿದ್ದಾರೆ. ಹಿಂಸ್ರಪ್ರಾಣಿಗಳ ಪಾಲನೆಯನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿರುವುದು ಸತ್ಯ. ಅದು ಬಾಗಿಲಲ್ಲಿ ನಿಂತು ಯೋಚಿಸುವವನಿಗೆ ಹೇಳಿದ ಮಾತು. ಒಳಗೆ ಕರೆತಂದು ಆಶ್ರಯ ಕೊಟ್ಟವನಿಗೆ ಹೊರದಬ್ಬಲು ಕೊಟ್ಟ ಅಪ್ಪಣೆಯಲ್ಲ. ಧರ್ಮದಿಂದ ನಾಯಿಯೂ ದೇವನಾದೀತು, ಪಾಪದಿಂದ ದೇವನೂ ನಾಯಿಯಾದಾನು ಎಂಬ ಅಭಿಪ್ರಾಯವನ್ನು ಸಮಂತಭದ್ರ ಸ್ವಾಮಿಗಳು ರತ್ನಕರಂಡಕದಲ್ಲಿ ಹೇಳಿದ್ದಾರೆ. ಭಾಸ್ಕರ ಕವಿಯು 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಚರಿತೆಯನ್ನು ಕೇಳಿ ಬೆಳೆದವರು ನಾವು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳಿದನು; ಅದು ಯಕ್ಷನಾಗಿ ಹುಟ್ಟಿತು. ಈ ಕಥೆಯನ್ನು ನಂಬಿ ಮರಣಕಾಲದಲ್ಲಿ ಮಂತ್ರ ಹೇಳುವವರು ಒಂದು ಮಾತನ್ನು ಮರೆಯಬಾರದು: ಜೀವಂಧರನು ಮಂತ್ರ ಹೇಳಿದ್ದು ಆ ನಾಯಿಯನ್ನು ಇನ್ನು ಬದುಕಿಸಲಾಗದು ಎಂದು ಕಂಡ ಮೇಲೆ. ಬದುಕಿಸಬಹುದಾದಾಗ ಸುಮ್ಮನಿದ್ದು ಕೊನೆಯಲ್ಲಿ ಮಂತ್ರ ಹೇಳುವುದು ಅವನ ದಾರಿಯಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ರೋಗ ಹತ್ತಿದ ದುಬಾರಿ ಮರಿಯನ್ನು ಬಸದಿಯ ಅಥವಾ ಗೋಶಾಲೆಯ ಬಾಗಿಲಲ್ಲಿ ಬಿಟ್ಟುಹೋದರೆ ‘ಇದು ಗೋಶಾಲೆ’ ಎಂದು ಹೇಳಿ ಕಳುಹಿಸುವುದು ಜೀವದಯೆಯಲ್ಲ. ಬೀದಿಯಲ್ಲಿ ಇಂತಹ ನಾಯಿ ಒಂದು ಚಳಿಯ ರಾತ್ರಿಯನ್ನೂ ಕಳೆಯಲಾರದು. ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರವೂ ಅಪರಾಧ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಆಸ್ಪತ್ರೆಯೊಂದು ದಶಕಗಳಿಂದ ನಡೆದುಬಂದಿದೆ. ಅಂತಹುದನ್ನು ಊರೂರಿನಲ್ಲಿ ಕಟ್ಟಿರೆಂದು ನಾನು ಕೇಳುವುದಿಲ್ಲ. ಜೀವದಯಾ ನಿಧಿಯ ಒಂದು ಪಾಲನ್ನು ಚಿಕಿತ್ಸೆಗೆ ಮೀಸಲಿಡಿ. ಊರಿನ ಪಶುವೈದ್ಯರ ವಿಳಾಸವನ್ನು ಬಸದಿಯ ಸೂಚನಾ ಫಲಕದಲ್ಲಿ ಹಾಕಿ. ಪರ್ವಕ್ಕೆ ಮೊದಲು ನಡೆಯುವ ಸಭೆಯಲ್ಲಿ, ಉಪವಾಸವು ಹಿಡಿದವನಿಗೆ ಮಾತ್ರ ಎಂಬುದನ್ನು ಸ್ಪಷ್ಟವಾಗಿ ಸಾರಿ. ನಾಯಿಮರಿಯನ್ನು ಉಡುಗೊರೆ ಕೊಡುವ ಪದ್ಧತಿಯನ್ನು ಸಮಾಜದ ಹಿರಿಯರು ಬಾಯಿಬಿಟ್ಟು ಖಂಡಿಸಲಿ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಿಗೆ ಹೆಸರಾದ ಶ್ರಾವಕ ಶ್ರಾವಿಕೆಯರನ್ನು ಈ ನಾಡಿನ ಶಾಸನಗಳು ಹೊಗಳುತ್ತವೆ. ಇವುಗಳಲ್ಲಿ ಮೊದಲ ಮೂರನ್ನು ಬೇಡುತ್ತಾ ಒಂದು ಜೀವ ನಮ್ಮ ಹಜಾರದಲ್ಲಿಯೇ ಮಲಗಿದೆ. ಈ ಮೂರನ್ನೂ ಅದರ ಆಯುಷ್ಯವಿರುವವರೆಗೆ, ಹನ್ನೆರಡು ಹದಿನೈದು ವರ್ಷಗಳ ಕಾಲ, ಹಗಲಿರುಳೆನ್ನದೆ ಕೊಡಲು ಸಿದ್ಧರಿಲ್ಲದ ಸಮಾಜಬಾಂಧವರು ಅದನ್ನು ಕೊಳ್ಳಬಾರದು. ಈಗಾಗಲೇ ಕೊಂಡವರು ಇಂದು ರಾತ್ರಿ ಮಲಗುವ ಮುನ್ನ ಅದರ ತಟ್ಟೆಯಲ್ಲಿ ಒಂದು ತುತ್ತನ್ನಿಡಲಿ.