ಸಂಶೋಧನೆಯ ಫಲ ಊರಿಗೆ ಮರಳಲಿ



ಹವಾಮಾನ ಬದಲಾವಣೆಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ನಿಮ್ಮಲ್ಲಿ ಕೆಲವರು ಬಹುದಿನಗಳಿಂದ ಕೇಳುತ್ತಿದ್ದೀರಿ. ಊರಿನಲ್ಲಿಯೇ ಉಳಿದು ಬೇಸಾಯ ಮಾಡುತ್ತಿರುವವರ ಪ್ರಶ್ನೆ ಒಂದು ಬಗೆಯದು: "ಸರ್, ವಿಶ್ವವಿದ್ಯಾಲಯದವರು ಬರುತ್ತಾರೆ, ಬರೆದುಕೊಂಡು ಹೋಗುತ್ತಾರೆ. ಅದರಿಂದ ನಮಗೇನು?" ದೂರದ ಪಟ್ಟಣಗಳಲ್ಲಿ ನೌಕರಿಯಲ್ಲಿರುವವರ ಪ್ರಶ್ನೆ ಇನ್ನೊಂದು ಬಗೆಯದು: "ಸರ್, ವಿಜ್ಞಾನಿಗಳು ಇಷ್ಟೆಲ್ಲ ಹೇಳಿದರೂ ಜನರೇಕೆ ಎಚ್ಚರಗೊಳ್ಳುವುದಿಲ್ಲ?" ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ನನಗೆ ತೋರುತ್ತದೆ. ಸಂಶೋಧನಾ ಕೇಂದ್ರವೊಂದು ಒಂದು ಸೀಮೆಯಲ್ಲಿ ದೀರ್ಘಕಾಲ ನಿಂತು ಅಳೆಯಬೇಕು. ಅಲ್ಲಿ ಬಾಳುವವರ ಮಾತನ್ನು ಕೇಳಬೇಕು. ಕಂಡುಕೊಂಡುದನ್ನು ಅವರ ನುಡಿಯಲ್ಲಿ ಅವರಿಗೇ ಹಿಂದಿರುಗಿಸಬೇಕು. ಈ ಮೂರೂ ಕೂಡಿದಾಗ ಜ್ಞಾನವು ಕಾರ್ಯವಾಗುತ್ತದೆ. ಮೂರನೆಯದು ತಪ್ಪಿದರೆ ಮೊದಲೆರಡೂ ಕಪಾಟಿನಲ್ಲಿ ಧೂಳು ತಿನ್ನುತ್ತವೆ.

ನಮ್ಮ ತೇರಗಾಂವ ಸೀಮೆ ಮಲೆನಾಡಿನ ಸೆರಗೂ ಹೌದು, ಬಯಲುಸೀಮೆಯ ಅಂಚೂ ಹೌದು. ಹಳಿಯಾಳ, ಮುಂಡಗೋಡ, ಕಲಘಟಗಿಗಳ ರೈತರು ನೆಲ ಹದವಾದೊಡನೆ ಕೂರಿಗೆಯಿಂದ ಭತ್ತ ಬಿತ್ತಿ, ಮುಂದಿನ ಮಳೆಯನ್ನು ನಂಬಿ ಕುಳಿತುಕೊಳ್ಳುತ್ತಾರೆ. ಆ ನಂಬಿಕೆಗೆ ಆಧಾರವಾಗಿದ್ದುದು ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಮಳೆನಕ್ಷತ್ರಗಳ ಲೆಕ್ಕ. ಆ ಲೆಕ್ಕ ಮೂಢನಂಬಿಕೆಯಲ್ಲ. ಸೂರ್ಯನ ಚಲನೆಗೆ ಹೊಂದಿಸಿ ತಲೆತಲಾಂತರದಿಂದ ನೋಡಿ ನೋಡಿ ಕಟ್ಟಿದ ಅನುಭವದ ಪಂಚಾಂಗ ಅದು. ಈಗ ಆ ಪಂಚಾಂಗವೇ ಅಲುಗಾಡುತ್ತಿದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಮರುವರ್ಷ, 2024ರ ಜುಲೈ ತಿಂಗಳಲ್ಲಿ, ನಮ್ಮದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜೀವಗಳು ಮಣ್ಣುಪಾಲಾದವು. ಅದಕ್ಕೂ ಮೊದಲು 2021ರಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯ ತೋಟಗಳು ಜಾರಿಹೋಗಿದ್ದವು. ಒಂದೊಂದು ಅನಾಹುತಕ್ಕೂ ಸ್ಥಳೀಯ ಕಾರಣಗಳು ಇದ್ದೇ ಇರುತ್ತವೆ. ಗುಡ್ಡವನ್ನು ಬುಡದಲ್ಲಿ ಕಡಿದರೆ ಅದು ಜಾರದೆ ಇದ್ದೀತೆ? ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು ಎಂಬುದು ಭೌತಶಾಸ್ತ್ರದ ನಿಯಮ. ಹೀಗಾಗಿ ಬಾರದಿದ್ದರೆ ಬಾರದೇ ಇರುವ, ಬಂದರೆ ಒಮ್ಮೆಲೇ ಸುರಿಯುವ ಮಳೆಯ ಸ್ವಭಾವಕ್ಕೆ ನಾವು ಸಿದ್ಧರಾಗಬೇಕಾಗಿದೆ.

ಈ ಬದಲಾವಣೆಯನ್ನು ಮೊದಲು ಕಣ್ಣಿಗೆ ಕಾಣುವಂತೆ ಮಾಡಿದುದು ಒಂದು ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೇ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ ಅವರು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಪ್ರಮಾಣವನ್ನು ಅಳೆಯತೊಡಗಿದರು. ಆಗ ಗಾಳಿಯ ಪ್ರತಿ ಹತ್ತು ಲಕ್ಷ ಭಾಗಕ್ಕೆ ಅದು ಸುಮಾರು 315 ಭಾಗದಷ್ಟಿತ್ತು. ಈಗ 420ನ್ನು ದಾಟಿದೆ. ನಡುವೆ 1964ರಲ್ಲಿ ಹಣದ ಕೊರತೆಯಿಂದ ಕೆಲವು ತಿಂಗಳು ಈ ಮಾಪನ ನಿಂತೂಹೋಗಿತ್ತು. ಹಣ ಕೊಡುವವರಿಗೆ ಬೇಸರ ತರುವಷ್ಟು ನೀರಸವಾದ, ದಿನದಿನವೂ ಅದನ್ನೇ ಮಾಡುವ ಕೆಲಸ ಅದು. ಆದರೆ ಆ ನೀರಸ ಕೆಲಸ ಇಲ್ಲದಿದ್ದರೆ ಇಂದು ಜಗತ್ತಿನ ಸರಕಾರಗಳು ಒಂದೆಡೆ ಕುಳಿತು ಮಾತನಾಡಲು ಆಧಾರವೇ ಇರುತ್ತಿರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಅಂಕಿ ಅಂಶಗಳಿಗೂ ಸಲ್ಲುತ್ತದೆ.

ಅಷ್ಟು ದೂರ ಹೋಗುವುದು ಬೇಡ. ನಮ್ಮ ಪಕ್ಕದ ದಾಂಡೇಲಿಗೇ ಬರೋಣ. ಅಲ್ಲಿ ಕಾಗದದ ಕಾರ್ಖಾನೆ 1950ರ ದಶಕದಲ್ಲಿ ಸ್ಥಾಪನೆಯಾದುದು ನಿಮಗೆಲ್ಲ ತಿಳಿದದ್ದೇ. ಎರಡು ದಶಕ ಕಳೆಯುವಷ್ಟರಲ್ಲಿ ಕಾಡಿನ ಬಿದಿರು ಬರಿದಾಗತೊಡಗಿತು, ಬುಟ್ಟಿ ಹೆಣೆಯುವ ಮೇದಾರರ ಹೊಟ್ಟೆಗೆ ಪೆಟ್ಟು ಬಿದ್ದಿತು. 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯ, ಮಾಧವ ಗಾಡ್ಗೀಳ್ ಹಾಗೂ ಅವರ ಸಂಗಡಿಗರು ಇದರ ಕಾರಣವನ್ನು ಹುಡುಕಲು ನಮ್ಮ ಕಾಡುಗಳಿಗೆ ಬಂದರು. ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಸವರಿ ಹಸನು ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಆಗಿನ ಅಧಿಕೃತ ತಿಳಿವಳಿಕೆ. ಹಳ್ಳಿಯ ಜನ ಹೇಳಿದುದು ಅದಕ್ಕೆ ವಿರುದ್ಧ: ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ, ಬೇಲಿ ತೆಗೆದರೆ ದನಕರುಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ತಿಂದುಹಾಕುತ್ತವೆ. ಸಂಶೋಧಕರು ಈ ಮಾತನ್ನು ತಳ್ಳಿಹಾಕದೆ, ಮೆಳೆಗಳನ್ನು ಗುರುತಿಸಿ ಎಣಿಸಿ ಪರೀಕ್ಷಿಸಿದರು. ಜನರ ಮಾತೇ ನಿಜವಾಯಿತು. ಕಾಡಿನಲ್ಲಿದೆ ಎಂದು ಕಾಗದದ ಮೇಲೆ ಬರೆದುಕೊಂಡಿದ್ದ ಬಿದಿರಿನ ಲೆಕ್ಕವೂ ವಾಸ್ತವಕ್ಕಿಂತ ಬಹಳ ಹೆಚ್ಚಿನದಾಗಿತ್ತು.

ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದೇ ಅದರ ಉದ್ದೇಶ. ಅದರ ಹೆಸರು ನಿಮ್ಮ ಅಜ್ಜಿಯಂದಿರಿಗೆ ತಿಳಿದಿರುವುದು ಸಂಶೋಧನಾ ಪ್ರಬಂಧಗಳಿಂದಲ್ಲ, 'ಅಸ್ತ್ರ ಒಲೆ'ಯಿಂದ. ಸೌದೆ ಚೆನ್ನಾಗಿ ಉರಿಯಲು ಕೆಳಗೆ ಜಾಲರಿ, ಬೆಂಕಿಯ ಕಾವು ಪೋಲಾಗದಂತೆ ಮುಚ್ಚಿದ ಒಲೆಬಾಯಿ, ಒಂದೇ ಉರಿಯಲ್ಲಿ ಎರಡು ಮೂರು ಪಾತ್ರೆ ಇಡುವ ಅನುಕೂಲ, ಹೊಗೆ ಹೊರಹೋಗಲು ಚಿಮಣಿ: ಇಷ್ಟೇ ಅದರ ಗುಟ್ಟು. ಸೌದೆಯೂ ಉಳಿಯಿತು, ಹೆಂಗಸರ ಕಣ್ಣು, ಶ್ವಾಸಕೋಶಗಳೂ ಉಳಿದವು. ಹವಾಮಾನ ಬದಲಾವಣೆ ಎಂಬ ಮಾತು ನಮ್ಮ ಪತ್ರಿಕೆಗಳಿಗೆ ಬರುವುದಕ್ಕೆ ಮೊದಲೇ ಕಾಡಿನ ಮೇಲಿನ ಒತ್ತಡವನ್ನೂ ಹೊಗೆಯನ್ನೂ ತಗ್ಗಿಸಿದ ಕೆಲಸವಿದು.

ಇದೇ ಕೇಂದ್ರದವರು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ ಕಥೆಯೂ ಬೋಧಪ್ರದವಾದುದು. ಅಡಿಗೆಗೆ ಅನಿಲ ಕೊಡುವುದು ಮೊದಲಿನ ಯೋಜನೆ. ಸಿಕ್ಕುವ ಸೆಗಣಿ ಅದಕ್ಕೆ ಸಾಲಲಿಲ್ಲ, ಯೋಜನೆ ಸೋತಿತು. ನಂತರ ಊರವರನ್ನು ಕೇಳಿದಾಗ ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂದು ತಿಳಿಯಿತು. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಕೇಳಿದ ಮೇಲೆ ಯೋಜನೆ ಗೆದ್ದಿತು. ವಿಜ್ಞಾನಿಗಳು ತಮ್ಮ ಸೋಲನ್ನು ಮುಚ್ಚಿಡದೆ ಬರೆದಿಟ್ಟುದರಿಂದಲೇ ನನ್ನಂಥ ಹಳ್ಳಿಯ ಮೇಷ್ಟರಿಗೂ ಇದು ಪಾಠವಾಗಿ ದೊರಕಿದೆ.

1983ರಲ್ಲಿ ಅಲ್ಲಿಯೇ ಪರಿಸರ ವಿಜ್ಞಾನ ಕೇಂದ್ರ ಸ್ಥಾಪನೆಯಾಯಿತು. ಅದರ ಸಂಶೋಧಕರು 1984ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತಲಾ ಒಂದು ಹೆಕ್ಟೇರಿನ ಎಂಟು ಅರಣ್ಯ ತಾಕುಗಳನ್ನು ಗುರುತಿಸಿ, ಯಾವ ಮರ ಎಷ್ಟು ಬೆಳೆಯಿತು, ಯಾವುದು ಸತ್ತಿತು, ಯಾವ ಸಸಿ ಹುಟ್ಟಿತು ಎಂದು ವರ್ಷಗಟ್ಟಲೆ ಲೆಕ್ಕವಿಟ್ಟರು. ಒಂದು ಕಾಡು ಎಷ್ಟು ಇಂಗಾಲವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಊಹೆಯಿಂದ ಹೇಳಲಾಗದು. ಇಂತಹ ಲೆಕ್ಕದಿಂದಲೇ ಹೇಳಬೇಕು. ಅಸ್ತ್ರದಲ್ಲಿ ದುಡಿದ ಎನ್. ಎಚ್. ರವೀಂದ್ರನಾಥರು ಮುಂದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಳ ಲೇಖಕರಲ್ಲಿ ಒಬ್ಬರಾದರು. 2007ರ ನೊಬೆಲ್ ಶಾಂತಿ ಪುರಸ್ಕಾರದಲ್ಲಿ ಪಾಲು ಪಡೆದ ಸಮಿತಿ ಅದು. ಒಲೆ, ಸೌದೆ, ಬೆಟ್ಟಗಳ ಅಧ್ಯಯನ ಜಗತ್ತಿನ ಸಭೆಯವರೆಗೆ ಹೋದ ದಾರಿ ಇದು. 2009ರಲ್ಲಿ ಅದೇ ಸಂಸ್ಥೆಯಲ್ಲಿ ಹವಾಮಾನ ಬದಲಾವಣೆಗೆಂದೇ ದಿವೇಚಾ ಕೇಂದ್ರವೂ ಆರಂಭವಾಯಿತು.

ಇಷ್ಟಾದರೂ ಊರಿನವರ ಪ್ರಶ್ನೆ ಉಳಿದೇ ಇದೆ: ನಮಗೇನು? ಇಲ್ಲಿ ನಾನು ಸಂಶೋಧಕರ ಪರವಾಗಿ ಮಾತ್ರ ಮಾತನಾಡಲಾರೆ. ಪಶ್ಚಿಮ ಘಟ್ಟಗಳ ವರದಿಯ ಗತಿಯನ್ನು ನೋಡಿ. ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಒಪ್ಪಿಸಿತು. ಯಾವ ಪ್ರದೇಶದಲ್ಲಿ ಏನು ಆಗಬೇಕು, ಏನು ಆಗಬಾರದು ಎಂಬ ಕೊನೆಯ ತೀರ್ಮಾನ ಗ್ರಾಮಸಭೆಗಳಿಂದ ಮೇಲಕ್ಕೆ ಬರಬೇಕೆಂಬುದು ಅದರ ಆಶಯ. ಸ್ಥಳೀಯ ಭಾಷೆಗಳಿಗೆ ಅದನ್ನು ತಂದು ಜನರ ಮುಂದಿಡಬೇಕೆಂದು ಗಾಡ್ಗೀಳರು ಮತ್ತೆ ಮತ್ತೆ ಒತ್ತಾಯಿಸಿದರು. ಆದರೆ ನಮ್ಮ ಹಳ್ಳಿಗಳಿಗೆ ವರದಿ ಬರಲಿಲ್ಲ. ವರದಿಯ ಭಯ ಮಾತ್ರ ಬಂದಿತು. "ಮನೆಗೆ ಹೆಂಚು ಹೊದಿಸಲೂ ಬಿಡುವುದಿಲ್ಲವಂತೆ, ದನ ಕಟ್ಟಲೂ ಬಿಡುವುದಿಲ್ಲವಂತೆ" ಎಂಬ ಮಾತುಗಳು ಸಂತೆಯಿಂದ ಸಂತೆಗೆ ಹಬ್ಬಿದವು. ಅದರ ಬಳಿಕ ಕಸ್ತೂರಿರಂಗನ್ ನೇತೃತ್ವದ ತಂಡದ ವರದಿ 2013ರಲ್ಲಿ ಬಂದಿತು. ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಹೊರಟವು. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಅದನ್ನು ತಿರಸ್ಕರಿಸುವ ತೀರ್ಮಾನ ಕೈಕೊಂಡಿತು. ವರದಿಯನ್ನು ಒಪ್ಪಬೇಕೋ ಬಿಡಬೇಕೋ ಎಂಬುದು ಬೇರೆ ಚರ್ಚೆ. ಓದದೆ ಒಪ್ಪುವುದೂ ಸಲ್ಲದು, ಓದದೆ ತಿರಸ್ಕರಿಸುವುದೂ ಸಲ್ಲದು. ನಮ್ಮ ಜನರಿಗೆ ಓದುವ ಅವಕಾಶವೇ ದೊರೆಯಲಿಲ್ಲ ಎಂಬುದು ನನ್ನ ದೂರು.

ಜೀವವೈವಿಧ್ಯ ದಾಖಲಾತಿಯದೂ ಇದೇ ಕಥೆ. ಹಳ್ಳಿಯ ಜನ, ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು ಕೂಡಿ ತಮ್ಮ ಊರಿನ ಗಿಡಮರ, ಪ್ರಾಣಿಪಕ್ಷಿ, ಕೆರೆ ಹಳ್ಳಗಳ ವಿವರ ಬರೆದಿಡುವ 'ಜನತಾ ಜೀವವೈವಿಧ್ಯ ದಾಖಲೆ'ಯ ಪ್ರಯೋಗ 1990ರ ದಶಕದಲ್ಲಿ ಆ ಪರಿಸರ ವಿಜ್ಞಾನ ಕೇಂದ್ರದಿಂದಲೇ ಹರಡಿತು. 2002ರ ಜೀವವೈವಿಧ್ಯ ಕಾಯಿದೆಯ ಫಲವಾಗಿ ಪ್ರತಿ ಪಂಚಾಯಿತಿಗೂ ಒಂದು ಸಮಿತಿ, ಒಂದು ದಾಖಲೆ ಎಂಬ ವ್ಯವಸ್ಥೆ ಬಂದಿತು. ಸಂಶೋಧನಾ ಕೇಂದ್ರದ ಒಂದು ವಿಚಾರ ದೇಶದ ಕಾನೂನಿನವರೆಗೆ ತಲುಪಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಆದರೆ ಹಲವು ವರ್ಷ ಅದು ಹಾಗೆಯೇ ಬಿದ್ದಿತ್ತು. 2020ರ ಜನವರಿಯೊಳಗೆ ಮುಗಿಸದಿದ್ದರೆ ದಂಡವೆಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿದಾಗ ದೇಶದಾದ್ಯಂತ ಅವಸರವಸರವಾಗಿ ಪುಸ್ತಕಗಳು ತುಂಬಿದವು. ಊರಿನ ಹಿರಿಯರನ್ನು ಕೇಳದೆ ಬರೆದ ಊರಿನ ದಾಖಲೆಗೆ ಬೆಲೆಯೇನು?

ಹಾಗಾದರೆ ನಾವು ಮಾಡಬೇಕಾದುದೇನು? ಸರಕಾರವನ್ನೂ ಸಂಸ್ಥೆಗಳನ್ನೂ ದೂರುತ್ತ ಕೂಡುವುದು ಸುಲಭ. ನಮ್ಮ ಕೈಯಲ್ಲಿಯೇ ಇರುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಶಾಲೆಗೊಂದು ಮಳೆಯ ಪುಸ್ತಕ. ಒಂದು ಮಳೆಮಾಪಕ, ಪ್ರತಿದಿನ ಮುಂಜಾನೆ ಎಂಟೂವರೆಗೆ ಅದನ್ನು ನೋಡಿ ಬರೆಯುವ ಇಬ್ಬರು ಮಕ್ಕಳು, ಇಷ್ಟು ಸಾಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್, ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಮಿಕ್ಕ ನೀರು ಎಂಬ ಲೆಕ್ಕ ಮಕ್ಕಳಿಗೆ ಒಮ್ಮೆ ಹಿಡಿಸಿದರೆ ಅವರು ಮಳೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಜೊತೆಗೆ ಮಾವು ಹೂಬಿಟ್ಟ ದಿನ, ಮುತ್ತುಗ ಅರಳಿದ ದಿನ, ಮೊದಲ ಬಿತ್ತನೆಯ ದಿನಗಳನ್ನೂ ಬರೆಯಲಿ. ಹತ್ತು ವರ್ಷದ ಬರಹ ಯಾವ ಸಂಶೋಧಕನಿಗೂ ಬೇಡವೆನಿಸದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಇವೆ. ಮಕ್ಕಳ ಲೆಕ್ಕವನ್ನು ಅದರೊಡನೆ ಹೋಲಿಸಿ ನೋಡಬಹುದು.

ಎರಡನೆಯದು, ಧಾರವಾಡ ನಮಗೆ ದೂರವಲ್ಲ. ಅಲ್ಲಿನ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ. ಅದರ ಭತ್ತದ ಸಂಶೋಧನಾ ಕೇಂದ್ರ ಅಳ್ನಾವರದ ದಾರಿಯಲ್ಲಿ ಮುಗದದಲ್ಲಿದೆ. 'ಮುಗದ ಸುಗಂಧ'ದಂತಹ ತಳಿಗಳು ಹೊರಬಂದುದು ಅಲ್ಲಿಂದಲೇ. ಮಳೆ ತಡವಾದರೆ ಯಾವ ತಳಿ, ನಡುವೆ ಹದಿನೈದು ದಿನ ಕೈಕೊಟ್ಟರೆ ಏನು ಉಪಾಯ ಎಂದು ರೈತರು ಗುಂಪಾಗಿ ಹೋಗಿ ಕೇಳಬೇಕು. ಭತ್ತ ನಂಬಿಕೆ ಕಳೆದುಕೊಂಡಿತೆಂದು ಎಲ್ಲರೂ ಕಬ್ಬಿಗೂ ಗೋವಿನಜೋಳಕ್ಕೂ ಹೊರಳುವ ಮೊದಲು ಈ ಪ್ರಶ್ನೆ ಕೇಳುವುದು ಅಗತ್ಯ. ಕೇಳುವವರಿದ್ದಾಗಲೇ ಸಂಶೋಧನೆ ನಮ್ಮ ಹೊಲದ ಕಡೆ ಮುಖಮಾಡುತ್ತದೆ.

ಮೂರನೆಯದು, ನಮ್ಮ ಕಾಡಿಗೆ, ಹೊಲಕ್ಕೆ ಅಧ್ಯಯನಕ್ಕೆ ಬರುವವರನ್ನು ಆದರದಿಂದ ಬರಮಾಡಿಕೊಳ್ಳಿ, ಮಜ್ಜಿಗೆ ಕೊಡಿ, ದಾರಿ ತೋರಿಸಿ. ಜೊತೆಗೆ ಒಂದು ಮಾತು ಪಡೆಯಿರಿ: ಅಧ್ಯಯನ ಮುಗಿದ ಮೇಲೆ ಎರಡು ಪುಟದ ಕನ್ನಡ ಸಾರಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೋಗಬೇಕು. ಇದು ಬೇಡಿಕೆಯಲ್ಲ, ಹಕ್ಕು. ಮಾಹಿತಿ ಕೊಟ್ಟವನಿಗೆ ಫಲಿತಾಂಶ ತಿಳಿಯಬೇಕು. ನಮ್ಮ ಸೀಮೆಯಲ್ಲಿ ಮರಾಠಿ, ಕೊಂಕಣಿ ಆಡುವ ಮನೆಗಳೂ, ಸಿದ್ದಿ, ಗೌಳಿಗರ ಕೇರಿಗಳೂ ಇವೆ. ಅವರಿಗೂ ಅದು ತಲುಪಬೇಕು.

ಕೊನೆಯದಾಗಿ, ವಿಶ್ವವಿದ್ಯಾಲಯಗಳಲ್ಲಿ, ಕಂಪನಿಗಳಲ್ಲಿ, ಹೊರದೇಶಗಳಲ್ಲಿ ಇರುವ ನನ್ನ ವಿದ್ಯಾರ್ಥಿಗಳಿಗೆ: ನಿಮಗೆ ಇಂಗ್ಲಿಷೂ ಬರುತ್ತದೆ, ಊರಿನ ಮಾತೂ ಮರೆತಿಲ್ಲ. ಉತ್ತರ ಕನ್ನಡದ ಕಾಡಿನ ಬಗ್ಗೆ, ಕಾಳಿ ನದಿಯ ಬಗ್ಗೆ, ಮುಂಗಾರಿನ ಬಗ್ಗೆ ಬಂದಿರುವ ವರದಿಗಳಲ್ಲಿ ವರ್ಷಕ್ಕೊಂದನ್ನಾದರೂ ಸರಳ ಕನ್ನಡದಲ್ಲಿ ಬರೆದು ಊರಿನ ಶಾಲೆಗೆ ಕಳುಹಿಸಿ. ದೇಣಿಗೆಯಾಗಿ ಗಡಿಯಾರ, ಕುರ್ಚಿ ಕೊಟ್ಟವರು ನಮ್ಮಲ್ಲಿ ಹಲವರಿದ್ದಾರೆ, ಅವರಿಗೆ ನಮಸ್ಕಾರ. ಈಗ ತಿಳಿವಳಿಕೆಯ ದೇಣಿಗೆ ಬೇಕಾಗಿದೆ.

ಜಗತ್ತನ್ನು ಬಿಸಿಮಾಡಿದವರು ನಾವಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಹೊಗೆಯಲ್ಲಿ ನಮ್ಮ ಹಳ್ಳಿಗಳ ಪಾಲು ಅತ್ಯಲ್ಪ ಎಂಬುದು ದಿಟ. ನ್ಯಾಯ ಕೇಳುವ ಅಧಿಕಾರವೂ ನಮಗಿದೆ. ಆದರೆ ನ್ಯಾಯ ಕೇಳಲು ಹೋದವನ ಕೈಯಲ್ಲಿ ದಾಖಲೆ ಇರಬೇಕಾಗುತ್ತದೆ. ಆ ದಾಖಲೆಯನ್ನು ಅಳೆಯುವವರೂ ಬಾಳುವವರೂ ಕೂಡಿಯೇ ಬರೆಯಬೇಕು. ಈ ಮುಂಗಾರಿನಿಂದಲೇ ಯಾವ ಶಾಲೆಯಲ್ಲಿ ಮಳೆಯ ಪುಸ್ತಕ ತೆರೆಯುತ್ತೀರಿ ಎಂದು ನನಗೆ ಬರೆದು ತಿಳಿಸಿರಿ. ಮೊದಲ ಪುಸ್ತಕವನ್ನು ನಾನೇ ಕೊಡಿಸುತ್ತೇನೆ.