ಹೊಸ ದ್ವೀಪದಲ್ಲಿ ಡೇರೆ ಹಾಕುವವರಿಗೆ ದೌಲತಾಬಾದಿನ ಪಾಠ

ಹೋಟೆಲಿನ ಕೊನೆಯ ಮೇಜು ಒರೆಸಿ, ಬಾಗಿಲು ಹಾಕಿ, ಖೋಲಿಗೆ ಬಂದ ಹುಡುಗನು ಮಲಗುವ ಮೊದಲು ಅರ್ಧ ಗಂಟೆ ಆಟವಾಡಿದರೆ ಅದು ಅಪರಾಧವೆ? ಅಹುದೆನ್ನುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಕಳಕಳಿಯನ್ನು ನಾವು ಅಲ್ಲಗಳೆಯುವುದಿಲ್ಲ. ಮೊಬೈಲಿನಲ್ಲಿ ರಮ್ಮಿಯಾಡಿ ಪಗಾರ ನೀಗಿಕೊಂಡವನ ಮನೆಗೆ ಮನಿಯಾರ್ಡರು ಹೋಗುವುದಿಲ್ಲ. ಅಲ್ಲಿ ಒಲೆ ಉರಿಯುವುದಿಲ್ಲ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ತಡೆಯಲು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ ಎಲ್ಲ ಆಟಗಳನ್ನೂ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ದುಡಿದು ದಣಿದವನ ಮನಸ್ಸಿಗೆ ತಂಪನ್ನೀಯುವ ಆಟಗಳೂ ಇವೆ. ಅಂಥದೊಂದನ್ನು ಕುರಿತು ನಮ್ಮ ಕಾರ್ಮಿಕ ಬಂಧುಗಳಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಆಟದ ಹೆಸರು ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಮಾಡಿದವರು ಜಪಾನಿನ ನಿಂಟೆಂಡೋ ಕಂಪನಿಯವರು. 1889ರಲ್ಲಿ ಕ್ಯೋಟೋ ನಗರದಲ್ಲಿ ಆಟದ ಎಲೆಗಳನ್ನು ತಯಾರಿಸುತ್ತ ಹುಟ್ಟಿದ ಕಂಪನಿಯದು. ಆಟವು ಹೊರಬಂದುದು 2020ರ ಮಾರ್ಚ್ 20ರಂದು. ಐದೇ ದಿನಗಳಲ್ಲಿ ನಮ್ಮ ದೇಶಕ್ಕೆ ಬೀಗ ಬಿತ್ತು. ಹೋಟೆಲುಗಳ ಒಲೆ ಆರಿತು. ಲೋಕದ ಜನವೆಲ್ಲ ಕೋಣೆಯಲ್ಲಿ ಸೆರೆಯಾಗಿದ್ದಾಗ ಈ ದ್ವೀಪದಲ್ಲಿ ಕೋಟ್ಯಂತರ ಜನ ಅಡ್ಡಾಡಿದರು. ಇದುವರೆಗೆ ನಾಲ್ಕೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಿವೆ.

ಕಥೆ ಸರಳ. ನೀವು ಜನವಸತಿಯಿಲ್ಲದ ದ್ವೀಪಕ್ಕೆ ಬಂದಿಳಿಯುತ್ತೀರಿ. ಜೊತೆಗೆ ಬಂದವು ಮಾತನಾಡುವ ಎರಡು ಪ್ರಾಣಿಗಳು. ಅವೇ ನಿಮ್ಮ ನೆರೆಹೊರೆ. ಟಾಮ್ ನೂಕ್ ಎಂಬ ಸಾಹುಕಾರನು ಒಂದು ಡೇರೆ ಕೊಡುತ್ತಾನೆ. ಅದನ್ನು ನಿಮಗೆ ಬೇಕಾದಲ್ಲಿ ಹಾಕಿ, ಆ ಇಬ್ಬರಿಗೂ ಜಾಗ ನೋಡಿಕೊಟ್ಟು, ಕಡ್ಡಿ ಆರಿಸಿ, ಹಣ್ಣು ಕೊಯ್ದು ತಂದರೆ ಮೊದಲ ಸಂಜೆ ಬೆಂಕಿಯ ಸುತ್ತ ಊಟದ ಕೂಟ. ಮಲಗಿ ಎದ್ದ ಮೇಲೆ ದ್ವೀಪದ ಗಡಿಯಾರವು ನಿಮ್ಮ ಗೋಡೆಯ ಗಡಿಯಾರದಂತೆಯೇ ನಡೆಯುತ್ತದೆ. ಇಲ್ಲಿ ರಾತ್ರಿಯಾದರೆ ಅಲ್ಲಿಯೂ ರಾತ್ರಿ.

ಹೊಸದಾಗಿ ತೊಡಗುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಒಂದು ಸ್ವಿಚ್ ಯಂತ್ರದಲ್ಲಿ ಒಂದೇ ದ್ವೀಪ. ಅದರಲ್ಲಿ ಎಂಟು ಜನ ಮನೆ ಮಾಡಬಹುದು. ಯಂತ್ರವು ಅಗ್ಗದ್ದಲ್ಲವಾದ್ದರಿಂದ ಖೋಲಿಯ ಗೆಳೆಯರು ಕೂಡಿ ಕೊಳ್ಳುವುದು ಲೇಸು. ಆದರೆ ಮೊದಲು ಕಾಲಿಟ್ಟವನೇ ದ್ವೀಪದ ಪ್ರತಿನಿಧಿ. ಅಂಗಡಿ, ಸೇತುವೆಗಳ ಕೆಲಸ ಮುಂದುವರಿಯುವುದು ಅವನ ಕೈಯಿಂದಲೇ. ಆದ್ದರಿಂದ ನಾಳೆ ಊರಿಗೆ ಹೋಗುವವನನ್ನು ಮೊದಲು ಕೂಡಿಸಬೇಡಿ. ಮರವನ್ನು ಅಲುಗಿಸುವಾಗ ಬಲೆ ಕೈಯಲ್ಲಿರಲಿ, ಕಣಜದ ಗೂಡು ಬಿದ್ದೀತು. ಹಣ್ಣು ತಿಂದು ಬಂಡೆಯನ್ನು ಬಡಿದರೆ ಬಂಡೆ ಒಡೆದುಹೋಗುತ್ತದೆ. ತಿನ್ನದೆ ಬಡಿದರೆ ಕಬ್ಬಿಣದ ತುಣುಕು ದೊರೆಯುತ್ತದೆ. ಮೊದಲ ಅಂಗಡಿ ಏಳಬೇಕಾದರೆ ಅಂಥ 30 ತುಣುಕು ಬೇಕು, ಅವಸರಪಟ್ಟು ಬಂಡೆ ಕಳೆದುಕೊಳ್ಳಬಾರದು. ಭಾನುವಾರ ಬೆಳಿಗ್ಗೆ ಟರ್ನಿಪ್ ಗೆಡ್ಡೆ ಮಾರಲು ಒಬ್ಬಳು ಬರುತ್ತಾಳೆ. ವಾರದೊಳಗೆ ಮಾರದಿದ್ದರೆ ಕೊಳೆತುಹೋಗುತ್ತದೆ. ಅದು ಸಟ್ಟಾ ವ್ಯಾಪಾರ. ಮೊದಲು ಮನೆ, ಆಮೇಲೆ ಸಟ್ಟಾ. ಕಂಪನಿಯು ಆಟದ ನಾಣ್ಯವನ್ನು ರೂಪಾಯಿಗೆ ಮಾರುವುದಿಲ್ಲವೆಂಬುದು ಒಂದು ಸಮಾಧಾನ.

ಇನ್ನೊಂದು ಸ್ವಾರಸ್ಯ. ದ್ವೀಪದಲ್ಲೇ ಬೆಳೆದ ಹಣ್ಣಿಗೆ 100 ನಾಣ್ಯ. ಪರದ್ವೀಪದಿಂದ ತಂದ ಹಣ್ಣಿಗೆ 500. ಪರವೂರಿಂದ ಬಂದವನ ಬೆವರಿಗೆ ಇಂಥ ಬೆಲೆ ಕೊಟ್ಟ ಮಾರುಕಟ್ಟೆಯನ್ನು ನಮ್ಮಲ್ಲಿ ಯಾರಾದರೂ ಕಂಡಿದ್ದೀರಾ?

ಈ ಆಟದ ಮರ್ಮವಿರುವುದು ಸಾಲದಲ್ಲಿ. ಬಂದ ಖರ್ಚೆಂದು ಸಾಹುಕಾರನು 5000 ಮೈಲಿನ ಲೆಕ್ಕ ಬರೆಯುತ್ತಾನೆ. ಮೀನು ಹಿಡಿದು, ಕಳೆ ಕಿತ್ತು, ನೆರೆಯವರನ್ನು ಮಾತನಾಡಿಸಿ ಆ ಮೈಲನ್ನು ಗಳಿಸಬಹುದು. ಅದು ತೀರಿದ ಮೇಲೆ ಮನೆ ಕಟ್ಟಲು 98,000 ನಾಣ್ಯದ ಸಾಲ. ಬಡ್ಡಿಯಿಲ್ಲ, ಗಡುವಿಲ್ಲ, ಬಾಗಿಲಿಗೆ ಬಂದು ಕೂಗುವವನಿಲ್ಲ. ನಾಲ್ಕು ವಾರ ಹೋಗದಿದ್ದರೆ ಅಂಗಳದಲ್ಲಿ ಕಳೆ ಬೆಳೆದೀತು, ನೆರೆಯವರು ‘ಎಲ್ಲಿ ಹೋಗಿದ್ದೆ’ ಎಂದು ಕೇಳಿಯಾರು; ಅಷ್ಟೆ. ಮುಂಗಡ ತೆಗೆದುಕೊಂಡು ಮುಂಬಯಿಯ ಬಸ್ಸು ಹತ್ತಿದ ನಮ್ಮ ಹುಡುಗರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ.

ಹೊಸ ನೆಲದಲ್ಲಿ ಬದುಕು ಹೂಡಲು ಇಷ್ಟೇ ಬೇಕು: ತಲೆಯ ಮೇಲೊಂದು ಸೂರು, ಕುತ್ತಿಗೆ ಹಿಸುಕದ ಸಾಲ, ಹೆಸರು ಹಿಡಿದು ಕರೆಯುವ ನೆರೆ, ಮತ್ತು ಅವಸರವಿಲ್ಲದ ದಿನ. ಇವಿಲ್ಲದೆ ಊರು ಕಟ್ಟಹೊರಟರೆ ಏನಾಗುತ್ತದೆಂಬುದಕ್ಕೆ ನಮ್ಮ ಸಮೀಪದಲ್ಲೇ ಕಲ್ಲಿನ ಸಾಕ್ಷಿಯಿದೆ. ಶಿರ್ಡಿಗೆ ಹೋದ ನಮ್ಮವರು ಎಲ್ಲೋರಾ ನೋಡಲು ಹೋಗುವಾಗ, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಔರಂಗಾಬಾದನ್ನು ದಾಟಿದರೆ, ದಾರಿಯಲ್ಲೇ ದೌಲತಾಬಾದಿನ ಕೋಟೆ ಸಿಗುತ್ತದೆ. ಕನ್ನಡದಲ್ಲೂ ಶಾಸನ ಬರೆಸಿದ ಸೇವುಣ ಯಾದವರ ದೇವಗಿರಿಯೇ ಅದು. ಬೆಟ್ಟದ ಬುಡವನ್ನು ಕಡಿದು ಗೋಡೆಯಂತೆ ನಿಲ್ಲಿಸಿ, ಸುತ್ತ ಬಂಡೆಯಲ್ಲೇ ಕಂದಕ ಕೊರೆದಿದ್ದಾರೆ. ಒಣನೆಲದ ನಡುವಿನ ದ್ವೀಪವೆನ್ನಬಹುದು.

1327ರಲ್ಲಿ ಮಹಮ್ಮದ್ ಬಿನ್ ತುಘಲಕನು ದಿಲ್ಲಿಯ ರಾಜಧಾನಿಯನ್ನು ಇಲ್ಲಿಗೆ ಸಾಗಿಸಲು ಅಪ್ಪಣೆ ಮಾಡಿದನು. ಹೋದುದು ಇಡೀ ಊರೋ, ಆಸ್ಥಾನಿಕರು, ವಿದ್ವಾಂಸರು, ಸೂಫಿಗಳು ಮಾತ್ರವೋ ಎಂಬಲ್ಲಿ ಇತಿಹಾಸಕಾರರಲ್ಲಿ ಭೇದವಿದೆ. ಸುಲ್ತಾನನ ಯೋಚನೆ ಹುಚ್ಚಿನದಲ್ಲ. ರಾಜ್ಯದ ನಡುವೆ ರಾಜಧಾನಿಯಿರಲೆಂಬುದು ಅವನ ಲೆಕ್ಕ. ದಾರಿಯಲ್ಲಿ ಸಾಕಷ್ಟು ಅನುಕೂಲವನ್ನೂ ಮಾಡಿಸಿದ್ದನು. ಆದರೂ ದೀರ್ಘ ಪ್ರಯಾಣದಲ್ಲಿ ಬಹಳ ಜನ ನೊಂದರು, ಸತ್ತರು. ಕೆಲವೇ ವರ್ಷಗಳಲ್ಲಿ ಮರಳಿಹೋಗಲು ಅಪ್ಪಣೆಯಾಯಿತು. ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕದಿಂದ ಈ ಸಂಗತಿ ಕನ್ನಡಿಗರಿಗೆಲ್ಲ ಪರಿಚಿತ. 1347ರಲ್ಲಿ ದೌಲತಾಬಾದಿನಲ್ಲೇ ಪಟ್ಟವೇರಿದ ಬಹಮನಿ ಸುಲ್ತಾನನು ಕೂಡ ಅಲ್ಲಿ ನಿಲ್ಲದೆ ನಮ್ಮ ಕಲಬುರ್ಗಿಗೆ ರಾಜಧಾನಿ ಒಯ್ದನು. ಉಳಿದವರು ಯಾರು? ದಿಲ್ಲಿಯಿಂದ ಬಂದ ಸೂಫಿ ಬುರ್ಹಾನುದ್ದೀನ್ ಗರೀಬನಂಥವರು. ಸಮೀಪದ ಖುಲ್ದಾಬಾದಿನಲ್ಲಿ ಅವರ ಸಮಾಧಿಗೆ ಜನ ಇಂದಿಗೂ ನಡೆದುಕೊಳ್ಳುತ್ತಾರೆ. ಅಪ್ಪಣೆಯಿಂದ ಬಂದ ಜನ ಅಪ್ಪಣೆಯಾದೊಡನೆ ಹೊರಟರು; ನೆರೆಹೊರೆ ಕಟ್ಟಿಕೊಂಡವರು ಬೇರೂರಿದರು.

ಈ ಮಾತು ನಮ್ಮ ಸಂಘಕ್ಕೂ ಅನ್ವಯಿಸುತ್ತದೆ. ಇಂದು ಊರಿಂದ ಬಂದಿಳಿದ ಹುಡುಗನಿಗೆ ಮೊದಲ ವಾರ ಯಾರು ಡೇರೆ ಕೊಡುತ್ತಾರೆ? ಮಲಗಲು ಜಾಗ, ಮರಾಠಿಯ ನಾಲ್ಕು ಮಾತು, ಬ್ಯಾಂಕಿನ ಖಾತೆ, ಬಡ್ಡಿಯಿಲ್ಲದ ಸಣ್ಣ ಕೈಸಾಲ: ಇಷ್ಟನ್ನು ನಾವು ಒದಗಿಸಿದರೆ ಅವನು ರಮ್ಮಿಯ ಬಲೆಗೆ ಬೀಳುವ ಸಂಭವ ಎಷ್ಟೋ ಕಡಿಮೆ.

ಉಳಿದುದು ಬಿಡುವು. ಆ ದ್ವೀಪದ ಅಂಗಡಿ ಬೆಳಿಗ್ಗೆ 8ಕ್ಕೆ ತೆರೆದು ರಾತ್ರಿ 10ಕ್ಕೆ ಮುಚ್ಚುತ್ತದೆ. ನಮ್ಮ ಹೋಟೆಲು ಹುಡುಗ ಕೈತೊಳೆದು ಬರುವಾಗ ಹತ್ತು ಕಳೆದಿರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಸರಕು ಹಾಕಿ ನೂರಕ್ಕೆ 80ರಂತೆ ಪಡೆಯಬೇಕು. ವಿಶ್ರಾಂತಿಯ ಆಟದಲ್ಲಿಯೂ ವಿಶ್ರಾಂತಿಯಿಲ್ಲದವನಿಗೆ ನಷ್ಟವೇ! ಇದೇ ನಗರದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರ ಜೂನ್ 10ರಂದು ಗಿರಣಿ ಕಾಮಗಾರರಿಗೆ ಭಾನುವಾರದ ರಜೆಯನ್ನು ಗಳಿಸಿಕೊಟ್ಟರು. ಆ ಗಿರಣಿಗಳ ಚಿಮಣಿಗಳು ಹೆಚ್ಚಾಗಿ ತಣ್ಣಗಾಗಿವೆ. ರಜೆಯ ಹಕ್ಕು ಮಾತ್ರ ಉಳಿದಿದೆ. 2017ರ ಮಹಾರಾಷ್ಟ್ರದ ಅಂಗಡಿ ಕಾಯಿದೆಯೂ ವಾರಕ್ಕೊಂದು ಪೂರ್ಣ ದಿನದ ರಜೆಯನ್ನು ಹೇಳುತ್ತದೆ. ಅದು ಕಾಗದದಿಂದಿಳಿದು ಪ್ರತಿ ಹೋಟೆಲಿನ ಅಡಿಗೆಮನೆಗೆ ಬರುವಂತೆ ಮಾಡುವುದು ಸಂಘಟಿತರಾದ ನಮ್ಮ ಕೆಲಸ.

ಹುಡುಗನು ಆ ದಿನ ಓದಲಿ, ನಾಟಕ ನೋಡಲಿ, ನಿದ್ರಿಸಲಿ, ಇಲ್ಲವೇ ದ್ವೀಪದಲ್ಲಿ ಮೀನು ಹಿಡಿಯಲಿ. ಅದು ಅವನ ಇಷ್ಟ. ಆ ದಿನವನ್ನು ಅವನಿಗೆ ದೊರಕಿಸುವುದು ನಮ್ಮ ಹೊಣೆ.