ತಟ್ಟೆ ಲೋಟಗಳಲ್ಲಿ ಭೇದವೇಕೆ?

ಹಾರನಹಳ್ಳಿಯ ಸೀಮೆಯಲ್ಲಿ ರಾಗಿಮುದ್ದೆಯನ್ನು ಕೈಯಿಂದ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವರು. ಅಲ್ಲಿ ಚಮಚಕ್ಕೆ ಕೆಲಸವಿಲ್ಲ. ಮೈಸೂರು ಸೇರಿದ ಮಕ್ಕಳು ಚಮಚ ಹಿಡಿದರೆ ಅದೂ ದೋಷವಲ್ಲ. ಇವೆರಡೂ ರೂಢಿಯ ಮಾತು.

ಅನ್ನವನ್ನು ಪ್ರಸಾದವೆಂದು ಭಾವಿಸಿದ ಬಸವಾದಿ ಶರಣರ ದೃಷ್ಟಿಯಲ್ಲಿ ಊಟದ ಶಿಷ್ಟಾಚಾರವೇ ಬೇರೆ. ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ಎಲೆಯಲ್ಲಿ ಒಂದಗುಳೂ ಉಳಿಯಬಾರದು, ಪಂಕ್ತಿಭೇದವಂತೂ ಸಲ್ಲದು.

ಅಸ್ಪೃಶ್ಯತೆಯ ಕಾರಣದಿಂದ ಹೋಟೆಲುಗಳಲ್ಲಿ ಪಾತ್ರೆಗಳ ಬಳಕೆಯನ್ನು ನಿರಾಕರಿಸುವುದು ಅಪರಾಧವೆಂದು 1955ರ ಕಾಯಿದೆಯೇ ಸಾರಿತು. ಆದರೆ ಕೂಲಿಗೆ ಬಂದವರಿಗೆಂದು ಮನೆಯ ಹೊರಗೆ ಬೇರೆಯಾಗಿ ಇರಿಸಿದ ಲೋಟವನ್ನು ತೆಗೆಯಬೇಕಾದವರು ಆ ಮನೆಯವರೇ. ಆ ಲೋಟ ಅಲ್ಲಿರುವ ತನಕ, ಒಳಗೆ ನಡೆಯುವ ಇಷ್ಟಲಿಂಗಪೂಜೆಯೂ ದಾಸೋಹದ ಮಾತೂ ಅಪೂರ್ಣವೇ ಸರಿ.